ಒಂದು ಹಾಡಿನ ಭಾರ

ರಿಪೇರಿ ಅಂಗಡಿಯ ದಾವಲಸಾಬರು ಅಚ್ಚಿಗೆ ಗಾಡಿಯ ಕೀಲೆಣ್ಣೆ ಬಳಿದಾಗಿನಿಂದ ರೆಕಾರ್ಡ್ ಪ್ಲೇಯರಿನ ತಟ್ಟೆ ಎಳೆದೆಳೆದು ತಿರುಗುತ್ತಿತ್ತು. ಸಂಜೆಯೊಳಗೆ ಸರಿಹೋಗದಿದ್ದರೆ ಅದು ಗುಜರಿಗೆ.

"ಇನ್ನಷ್ಟು ಬಳಿಸಿಕೊ ತಮ್ಮಾ, ಎತ್ತಿನಗಾಡಿಯನ್ನೇ ಉರುಳಿಸಿದವನು ನಾನು!" ಎಂದಿತು ಕೀಲೆಣ್ಣೆ.

"ನನ್ನ ಮೇಲಿರುವುದು ಜೋಳದ ಚೀಲವಲ್ಲ ಅಣ್ಣಾ, ಒಂದು ಹಾಡು," ಎಂದಿತು ತಟ್ಟೆ.

"ಹಾಗಾದರೆ ನಾನು ಬರಲೇ?" ಎಂದಿತು ಹೊಲಿಗೆ ಯಂತ್ರದ ಎಣ್ಣೆ.

"ನೀರಿನ ಹಾಗಿದ್ದೀಯ, ನೀನೇನು ತಿರುಗಿಸ್ತೀಯೋ!" ಕೀಲೆಣ್ಣೆ ನಕ್ಕಿತು.

ಅಷ್ಟರಲ್ಲಿ ದಾವಲಸಾಬರಿಗೇ ತಪ್ಪು ಹೊಳೆಯಿತು. ಕೀಲೆಣ್ಣೆಯನ್ನು ಬಟ್ಟೆಯಿಂದ ಒರೆಸಿ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ ಬಿಟ್ಟರು. ತಟ್ಟೆ ಹಗುರಾಗಿ ತಿರುಗಿತು, ಹಾಡು ನೆಟ್ಟಗಾಯಿತು. ಎದುರಿನ ಚಹಾದಂಗಡಿಯವರೆಲ್ಲ ಕಪ್ಪು ಹಿಡಿದೇ ಓಡಿಬಂದರು.

"ಗುಜರಿಯವನು ಬಂದ್ರೆ ಕೂರಿಸ್ರೋ," ದಾವಲಸಾಬರು ಕೂಗಿದರು, "ಅವನೂ ಒಂದು ಹಾಡು ಕೇಳಿ ಹೋಗಲಿ!"