ಕೂದಲೆಳೆಯಷ್ಟೇ

"ಸರ್, ಭಯ ಪೂರ್ತಿ ಹೋದ ಮೇಲೆ ಪರೀಕ್ಷೆಗೆ ಕೂತರೆ ಆಗುವುದಿಲ್ಲವೇ?" ಎಂದು ಜುಲೇಖಾ ಕೇಳಿದಳು.

ಕೇಳಿದ್ದು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ, ಲೋಹ ಕಡಿಯುವ ಲೇತ್ ಯಂತ್ರ ಕಲಿಸುವ ನೀಲಗುಂದ ಸರ್ ಅವರನ್ನು. ಅವಳಿಗೆ ಮೂವತ್ತಾರು. ಹನ್ನೆರಡು ವರ್ಷ ಬೋಲ್ಟ್ ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟಿದವಳು, ಬೋಲ್ಟ್ ಹುಟ್ಟುವುದು ಹೇಗೆಂದು ತಿಳಿಯಬೇಕೆನಿಸಿ ಡಿಪ್ಲೊಮಾಕ್ಕೆ ಸೇರಿದ್ದಳು. ಥಿಯರಿಯಲ್ಲಿ ಇಡೀ ಕ್ಲಾಸಿಗೆ ಮೊದಲಿಗಳು. ಲೇತ್ ಮುಂದೆ ನಿಂತರೆ ಮಾತ್ರ ಲೋಹಕ್ಕೆ ಟೂಲ್ ತಾಗಿಸಲೂ ಹೆದರುತ್ತಿದ್ದಳು. ನಾಳೆ ಪ್ರಾಕ್ಟಿಕಲ್. ಕಡಿಯಲು ಕೊಡುವುದು ಲೋಹದ ಒಂದೇ ತುಂಡು; ಕೆಟ್ಟರೆ ಇನ್ನೊಂದಿಲ್ಲ. ಈ ಸಲ ಕೂರುವುದಿಲ್ಲ ಎಂದು ಬರೆದುಕೊಡಲು ಸಂಜೆ ಐದರವರೆಗೆ ಸಮಯವಿತ್ತು.

"ಭಯ ಹೋಗುವವರೆಗೆ ಏನು ಮಾಡುತ್ತೀ?"

"ದಿನಾ ಬಂದು ಸ್ವಲ್ಪ ಸ್ವಲ್ಪ ಮುಟ್ಟಿ ನೋಡುತ್ತೇನೆ ಸರ್. ಮುಂದಿನ ವರ್ಷದ ಹೊತ್ತಿಗೆ ಕೈಗೆ ಧೈರ್ಯ ಬಂದಿರುತ್ತದೆ."

"ಹೋದ ವರ್ಷವೂ ನೀನು ಇದನ್ನೇ ಹೇಳಿದ್ದೆ. ಕೂತುಕೋ ತಂಗಿ, ಲೇತ್ ನಡೆಸುವ ಒಬ್ಬ ಟರ್ನರನ ಕತೆ ಇದೆ."

ಜುಲೇಖಾ ಗಡಿಯಾರ ನೋಡಿ ಕೂತಳು. ನಾಲ್ಕೂಕಾಲು. ಸರ್ ಶುರು ಮಾಡಿದರು.

ಒಬ್ಬ ಟರ್ನರ್ ಇದ್ದ. ಕೈ ಒಳ್ಳೆಯದು, ಎದೆ ಪುಕ್ಕಲು. ಒಬ್ಬ ಹಾಲಿನ ವ್ಯಾಪಾರಿ ಸ್ಟೇನ್‌ಲೆಸ್ ಸ್ಟೀಲಿನ ರಾಡೊಂದನ್ನು ತಂದು, ಇದನ್ನು ಸಪೂರ ಕಡಿದು ಹಾಲಿನ ಪಂಪಿಗೆ ಶಾಫ್ಟ್ ಮಾಡಿಕೊಡು ಎಂದ. ಇಂಥ ರಾಡು ಈ ಊರಲ್ಲಿ ಇದೊಂದೇ, ಪಂಪು ನಿಂತಿದೆ, ಹಾಲು ಕಾಯುವುದಿಲ್ಲ ಎಂದೂ ಹೇಳಿ ಹೋದ.

ಟರ್ನರ್ ರಾಡನ್ನು ಲೇತಿಗೆ ಕಟ್ಟಿದ. ಕಡಿದ ಲೋಹವನ್ನು ಮತ್ತೆ ಅಂಟಿಸಲಾಗದು ಎಂಬುದೊಂದೇ ಅವನ ತಲೆಯಲ್ಲಿತ್ತು. ಹಾಗಾಗಿ ಕಡಿಯುವ ಟೂಲನ್ನು ಕೂದಲೆಳೆಯಷ್ಟೇ ತಾಗಿಸಿದ. ಚೂರು ಬೀಳಲಿಲ್ಲ. ಕಿರ್ರೆಂದಿತು, ರಾಡು ಮಿರಮಿರ ಹೊಳೆಯಿತು. ಹೊಳಪು ಕಂಡು ಅವನಿಗೆ ಸಮಾಧಾನವಾಯಿತು, ಕೆಟ್ಟಿಲ್ಲವಲ್ಲ. ಮತ್ತೆ ಕೂದಲೆಳೆಯಷ್ಟು. ಅಳೆದ. ಮತ್ತೆ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಟೂಲಿನ ಮೊನೆ ಮೊಂಡಾಗಿತ್ತು, ರಾಡು ಇದ್ದಷ್ಟೇ ದಪ್ಪವಿತ್ತು. ಹೊಸ ಟೂಲ್ ಹಾಕಿದ, ಅದೂ ಜಾರಿತು. ಕೊನೆಗೆ ಹಲ್ಲು ಕಚ್ಚಿ ಆಳಕ್ಕೆ ಒತ್ತಿದ. ಟೂಲ್ ಮುರಿಯಿತು.

ವ್ಯಾಪಾರಿ ಬಂದು, "ಶಾಫ್ಟ್ ಎಲ್ಲಪ್ಪಾ?" ಎಂದ.

"ಎಲ್ಲಿಯ ಶಾಫ್ಟು ಸ್ವಾಮಿ? ಇಂಥ ಕಲ್ಲನ್ನು ತಂದುಕೊಟ್ಟು ಶಾಫ್ಟ್ ಮಾಡು ಅಂದರೆ ಯಾರಿಂದಾದೀತು?"

"ನಾನು ಕನ್ನಡಿ ಮಾಡಿಕೊಡು ಅಂದಿರಲಿಲ್ಲ" ಎಂದು ವ್ಯಾಪಾರಿ ಹೊಳೆಯುವ ರಾಡನ್ನು ಕಂಕುಳಲ್ಲಿಟ್ಟುಕೊಂಡು ಹೋದ. ಅಂದಿನ ಹಾಲೆಲ್ಲ ಒಡೆಯಿತು.

ಇಷ್ಟಕ್ಕೆ ಸರ್ ಕತೆ ಮುಗಿಸಿದರು. ಜುಲೇಖಾಳಿಗೆ ಟರ್ನರನ ಮೇಲೆ ಕನಿಕರ ಬಂತು. ಆ ಕಿರ್ರೆನ್ನುವ ಸದ್ದು ಅವಳಿಗೆ ಗೊತ್ತಿತ್ತು.

"ಅವನದೇನು ತಪ್ಪು ಸರ್? ಅಷ್ಟು ಗಟ್ಟಿ ರಾಡು ಕೊಟ್ಟರೆ ಯಾರ ಕೈಯಾದರೂ ಸೋಲುತ್ತದೆ."

"ಗಟ್ಟಿ ರಾಡನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ ತಂಗಿ, ಆ ಉಕ್ಕು ಕಡಿದರೆ ಕಡಿಸಿಕೊಳ್ಳುತ್ತದೆ, ಹೆದರಿ ಸವರುತ್ತಾ ಕೂತರೆ ಸವರಿದಷ್ಟೂ ಗಟ್ಟಿಯಾಗುತ್ತದೆ."

ಐದು ಗಂಟೆಯಾದಾಗ ಜುಲೇಖಾ ಏನನ್ನೂ ಬರೆದುಕೊಡದೆ ಲೇತಿನ ಮುಂದೆ ನಿಂತಿದ್ದಳು.