ಮುರಿಯಲಿಕ್ಕೊಂದು ಜೋಡಣೆ

ಬೆಸುಗೆ ಆರುವುದೇ ತಡ, ಸುಮೇಧಾ ಅದನ್ನು ಗ್ರೈಂಡರ್‌ನಿಂದ ಉಜ್ಜಿಬಿಡುತ್ತಿದ್ದಳು. ಯಾರಾದರೂ ನೋಡುವ ಮೊದಲೇ ಅದು ನುಣ್ಣಗಾಗಿರಬೇಕು.

ವಾರವೆಲ್ಲ ಶಾಲೆಯಲ್ಲಿ ಗಣಿತ ಕಲಿಸಿ, ಭಾನುವಾರ ಅವಳು ನದಿ ದಡದ ಆಶ್ರಮಕ್ಕೆ ಬರುತ್ತಿದ್ದಳು. ಅಲ್ಲಿ ಮಾನಪ್ಪಾಚಾರ್ಯರು ಕಬ್ಬಿಣದ ಕೆಲಸ ಕಲಿಸುತ್ತಿದ್ದರು.

ಮನೆಯಲ್ಲಿ ಅಭ್ಯಾಸಕ್ಕೆ ಯಾವ ವೆಲ್ಡಿಂಗ್ ಮಷೀನು ತರಲಿ ಎಂದು ಮೊದಲ ದಿನವೇ ಕೇಳಿದ್ದಳು. ಅಂಗಡಿಯವನು ನಾನೂರು ಆಂಪಿಯರಿನದನ್ನೇ ಒಯ್ಯಿರಿ ಅಂದಿದ್ದನಂತೆ. ಏನು ಬೆಸೆಯುತ್ತೀ ಎಂದು ಆಚಾರ್ಯರು ವಿಚಾರಿಸಿದರು. ಹೂಕುಂಡದ ಸ್ಟ್ಯಾಂಡು, ಕಿಟಕಿ ಸರಳು ಎಂದಳು.

“ಮತ್ತೆ ಮಷೀನಿಗೆ ಎಷ್ಟು ಬಲ ಬೇಕು ಅಜ್ಜಾ?”

“ನಿನ್ನ ಮನೆ ಫ್ಯೂಸು ಹಾರದಷ್ಟು.”

ಹೆಗಲಿಗೆ ನೇತುಹಾಕುವಂಥ ಪುಟ್ಟ ಇನ್ವರ್ಟರ್ ಮಷೀನು ತಂದಳು.

ಆ ಮಳೆಗಾಲ ಸ್ನಾನದ ಮೆಟ್ಟಿಲ ಪಾಚಿಗೆ ಜಾರಿ ಆಶ್ರಮದ ಒಬ್ಬ ಅಜ್ಜಿ ಸೊಂಟ ಮುರಿದುಕೊಂಡರು. ಮೆಟ್ಟಿಲಿಗೆ ಕೈಹಿಡಿ ಕಂಬಿ ಬೇಕೆಂದಾಯಿತು. ಎಂದೂ ಬಾಯಿ ಬಿಡದ ಸುಮೇಧಾ, ನಾನು ಮಾಡುತ್ತೇನೆ ಎಂದು ಎಲ್ಲರೆದುರು ಹೇಳಿಬಿಟ್ಟಳು. ಕಾರ್ತಿಕದೊಳಗೆ ಆಗದಿದ್ದರೆ ಹೊರಗಿನ ಗುತ್ತಿಗೆದಾರನಿಗೆ ಕೊಡುವುದೆಂದು ತೀರ್ಮಾನವಾಯಿತು.

ಆಚಾರ್ಯರಲ್ಲೊಂದು ಪದ್ಧತಿ. ಯಾವ ಜೋಡಣೆಯನ್ನೂ ಎರಡೆರಡು ಮಾಡಬೇಕು, ಒಬ್ಬರದೇ ಕೈಯಲ್ಲಿ, ಒಂದೇ ಉರಿಯಲ್ಲಿ. ಒಂದು ಕೆಲಸಕ್ಕೆ, ಒಂದು ಮುರಿಯಲಿಕ್ಕೆ. ಮುರಿಯಲಿಕ್ಕೆ ಮಾಡಿದ್ದು ತಡೆದುಕೊಂಡರೆ ಮಾತ್ರ ಇನ್ನೊಂದು ಹೊಸಿಲು ದಾಟಬಹುದು.

ಸುಮೇಧಾ ತನ್ನದನ್ನು ತಂದಿಟ್ಟಳು. ಫಳಫಳ ಹೊಳೆಯುತ್ತಿತ್ತು. ಆಚಾರ್ಯರು ಅದನ್ನು ಮೇಜಿನ ಮೇಲಿನ ಕಬ್ಬಿಣದ ದವಡೆಗೆ, ವೈಸಿಗೆ, ಬಿಗಿದು ಸುತ್ತಿಗೆಯಿಂದ ಒಂದು ಏಟು ಹಾಕಿದರು. ಎರಡು ತುಂಡಾಯಿತು.

ಒಳಗೆ ಸರಳು ಕೊಯ್ದ ಗರಗಸದ ಗೀರು ಕರಗದೆ ಹಾಗೇ ಉಳಿದಿತ್ತು.

“ಇವು ಪಕ್ಕಪಕ್ಕ ಕೂತಿದ್ದವು ತಂಗಿ. ಒಂದಾಗಿರಲಿಲ್ಲ.”

ತೂತು ಬಿದ್ದೀತೆಂದು ಹೆದರಿ ಕರೆಂಟು ಇಳಿಸಿದ್ದು, ಕೈ ಓಡಿಸಿದ್ದು, ಮೇಲೆ ನಿಂತ ಬೆಸುಗೆಯನ್ನೂ ಉಜ್ಜಿ ತೆಗೆದದ್ದು, ಎಲ್ಲ ಒಪ್ಪಿಕೊಂಡಳು.

ಆಚಾರ್ಯರು ಗ್ರೈಂಡರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

“ಇನ್ನು ಎಲ್ಲರಿಗೂ ಕಾಣುತ್ತಲ್ಲ ಅಜ್ಜಾ.”

“ಮೊದಲು ನಿನಗೆ ಕಾಣಲಿ.”

ಅಂದಿನಿಂದ ಅವಳ ಜೋಡಣೆಗಳು ಇದ್ದ ಹಾಗೇ ಬಂದವು. ಒಂದು ಎರೆಹುಳದಂತೆ, ಇನ್ನೊಂದು ಹಕ್ಕಿ ಹಿಕ್ಕೆಯಂತೆ. ಟೀಚರಮ್ಮ ಗೂಡು ಕಟ್ಟುತ್ತಿದ್ದಾರೆ ಎಂದು ಜೊತೆಯವರು ನಕ್ಕರು. ಆಚಾರ್ಯರು ಎಲ್ಲವನ್ನೂ ಮುರಿದರು. ಬೆಳಕನ್ನು ನೋಡಬೇಡ, ಅದರ ಹಿಂದೆ ಕರಗಿ ನಿಂತ ಕೆಂಪು ಕೊಳ ನೋಡು ಎಂದಷ್ಟೇ ಹೇಳಿದರು.

ಮನೆಯಲ್ಲಿ ದಿನಾ ಸಂಜೆ ಅದನ್ನೇ ನೋಡಿದಳು. ಕೊಳ ಎರಡೂ ಅಂಚಿಗೆ ತಾಗುವವರೆಗೆ ಕಾದು ಮುಂದೆ ಸರಿಯುವುದು ಕೈಗೆ ಬಂತು.

ಕಾರ್ತಿಕಕ್ಕೆ ನಾಲ್ಕು ದಿನವಿದ್ದಾಗ ಮತ್ತೊಂದು ತಂದಳು.

ಒಂದು ಏಟು. ಎರಡು. ಏಳನೆಯದಕ್ಕೆ ಸರಳೇ ಬಾಗಿತು. ಜೋಡಣೆ ಬಿಡಲಿಲ್ಲ.

ನಗುತ್ತಿದ್ದವರೆಲ್ಲ ಹತ್ತಿರ ಬಂದು, ಬಗ್ಗಿ, ಬೆರಳಾಡಿಸಿ ನೋಡಿದರು. ಸುಮೇಧಾ ಅಡ್ಡ ನಿಲ್ಲಲಿಲ್ಲ. ಚೆನ್ನಾಗಿ ಕಾಣಲೆಂದು ಪಕ್ಕಕ್ಕೆ ಸರಿದಳು.

ಕಂಬಿ ನೆಡಲು ಯಾವಾಗ ಬರಲಿ ಎಂದು ಕೇಳಿದಳು. ನಾಳೆಯೇ ಎಂದರು ಆಚಾರ್ಯರು. ಆಮೇಲೆ ಒಳಗೆ ಹೋಗಿ ಇನ್ನೊಂದು ತುಂಡು ತಂದು ವೈಸಿಗೆ ಬಿಗಿದರು. ಸುತ್ತಿಗೆಯನ್ನು ಅವಳ ಕೈಗಿಟ್ಟರು.

“ಕಂಬಿಯ ಬುಡಗಳನ್ನು ನಿನ್ನೆ ನಾನು ಬೆಸೆದೆ. ಇದು ಮುರಿಯಲಿಕ್ಕೆ ಮಾಡಿದ್ದು. ನಡೆಯುತ್ತೋ ಇಲ್ಲವೋ, ನೀನು ಹೊಡೆದು ಹೇಳು ತಂಗಿ.”