ಚಿಪ್ಪಿನಕೆರೆಯ ಉಗುಳುಗಲ್ಲು

ನಾಗಲದುರ್ಗದ ಬಸ್ ನಿಲ್ದಾಣದ ಹಿಂದೆ, ಚಿಪ್ಪಿನಕೆರೆಯ ಏರಿ ಇಳಿದು ಪೇಟೆಯ ರಸ್ತೆಯನ್ನು ಕೂಡುವಲ್ಲಿ, ಒಂದು ಮೊಬೈಲ್ ಅಂಗಡಿಗೂ ಕಬ್ಬಿನ ಹಾಲಿನ ಗಾಡಿಗೂ ನಡುವೆ ಆಳೆತ್ತರದ ಕಲ್ಲೊಂದು ವಾಲಿಕೊಂಡು ನಿಂತಿದೆ. ಬುಡದಿಂದ ಎದೆಮಟ್ಟದವರೆಗೆ ಅದರ ಬಣ್ಣ ಎಲೆಯಡಿಕೆಯ ಕೆಂಪು. ದಾರಿಹೋಕರು ಇಂದಿಗೂ ಅದರ ಮುಂದೆ ಒಂದು ಗಳಿಗೆ ನಿಂತು, ಬಾಯಲ್ಲಿದ್ದುದನ್ನು ಅಲ್ಲಿ ಇಳಿಸಿಯೇ ಮುಂದೆ ಹೋಗುತ್ತಾರೆ. ನಗರಸಭೆಯವರು ಪಕ್ಕದಲ್ಲಿ ಹಳದಿ ಹಲಗೆ ನೆಟ್ಟು ‘ಇಲ್ಲಿ ಉಗುಳುವುದು ಶಿಕ್ಷಾರ್ಹ’ ಎಂದು ಬರೆಸಿದರು. ಈಗ ಆ ಹಲಗೆಯೂ ಕೆಂಪಗಿದೆ. ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಗಳೆಲ್ಲ ಮೂಗಿಗೆ ಕರವಸ್ತ್ರ ಹಿಡಿದು ಒಮ್ಮೆ ಇದನ್ನು ನೋಡುತ್ತಾರೆ, ಕೀಳಿಸಿಬಿಡಿ ಎನ್ನುತ್ತಾರೆ, ಆಮೇಲೆ ಊರಿನವರ ಮುಖ ನೋಡಿ ಸುಮ್ಮನಾಗುತ್ತಾರೆ. ಕೀಳಲಾರದವರು ಹೆಸರನ್ನಾದರೂ ಬದಲಿಸೋಣವೆಂದು ಈ ಸ್ಥಳಕ್ಕೆ ನವಚೇತನ ವೃತ್ತ ಎಂದು ನಾಮಕರಣ ಮಾಡಿ, ಹಾರ ತುರಾಯಿ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋದರು. ಅದೇ ಸಂಜೆ ಬಂದ ಬಸ್ಸಿನ ಕಂಡಕ್ಟರು ಎಂದಿನಂತೆ, "ಯಾರ್ರೀ ಉಗುಳುಗಲ್ಲು? ಇಳೀರಿ ಬೇಗ" ಎಂದು ಕೂಗಿದ.

ಈ ಹೆಸರು ಬಂದ ಬಗೆಯನ್ನು ಹಿರಿಯರು ಹೀಗೆ ಹೇಳುತ್ತಾರೆ. ಹಿಂದೆ ಒಮ್ಮೆ, ದುರ್ಗವನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಕೆರೆಯ ಬಲದಂಡೆಯ ಮೇಲೆ ಪಾಲವ್ವನೆಂಬ ಸುಣ್ಣಗಾರರ ಹೆಂಗಸು ಇದ್ದಳು. ನೀರಿಳಿದಾಗ ಕೆಸರಿನಲ್ಲಿ ಉಳಿಯುವ ಚಿಪ್ಪುಗಳನ್ನು ಸೊಸೆಯರೊಡನೆ ಆಯ್ದು, ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವುದು ಅವಳ ಕಸುಬು. ಊರಿನವರು ಗೋಡೆಗೆ ಬಳಿದದ್ದೂ ಅವಳ ಸುಣ್ಣವೇ, ಎಲೆಗೆ ಸವರಿದ್ದೂ ಅವಳ ಸುಣ್ಣವೇ. ಕೆರೆ ಇದ್ದರೆ ಚಿಪ್ಪು, ಚಿಪ್ಪಿದ್ದರೆ ಗೂಡಿಗೆ ಬೆಂಕಿ, ಗೂಡು ಉರಿದರೆ ಮನೆಯ ಒಲೆಗೆ ಬೆಂಕಿ. ಗಂಡ ಸತ್ತ ಮೇಲೆ ಗೂಡಿನ ಯಜಮಾನಿಕೆ ಅವಳಿಗೆ ಬಂದಿತ್ತು. ಅದರೊಂದಿಗೆ, ಮನೆಯ ಪರವಾಗಿ ಊರ ವೀಳ್ಯ ಹಿಡಿಯುವ ಹಕ್ಕೂ ಬಂದಿತ್ತು.

ಈ ವೀಳ್ಯದ ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಕಾಲುವೆ ತೋಡುವುದಿರಲಿ, ಗೋಮಾಳ ಬಿಡುವುದಿರಲಿ, ಊರಿಗೆಲ್ಲ ಸೇರಿದ್ದನ್ನು ಕೇಳುವವನು ಮನೆಗೊಂದರಂತೆ ವೀಳ್ಯ ಕೊಡಬೇಕು. ಪಡೆದವರು ಅವನ ಕಣ್ಣೆದುರಿಗೇ ಅಗಿಯಬೇಕು. ರಸ ನುಂಗಿದರೆ ಒಪ್ಪಿದಂತೆ, ಉಗುಳಿದರೆ ಒಲ್ಲೆನೆಂದಂತೆ. ನುಂಗಿದ ಮೇಲೆ ಎರಡನೆಯ ಮಾತಿಲ್ಲ. ಮಾತುಕತೆಯೆಲ್ಲ ಮುಗಿದು ಮನಸ್ಸು ಕೂಡಿದ ಮೇಲೆಯೇ ತಟ್ಟೆ ಹೊರಡುತ್ತಿದ್ದುದರಿಂದ, ಉಗುಳಿದವರನ್ನು ಯಾರೂ ಕಂಡಿರಲಿಲ್ಲ. ಹಾಗೊಂದು ದಾರಿಯಿದೆ ಎಂಬುದು ಹಲವರಿಗೆ ಮರೆತೇ ಹೋಗಿತ್ತು.

ಆಗ ದೊರೆಯ ಪರವಾಗಿ ಆಡಳಿತ ನೋಡಿಕೊಳ್ಳಲು ದುರ್ಗಕ್ಕೆ ಹೊಸ ಪಾರುಪತ್ಯಗಾರನೊಬ್ಬ ಬಂದ. ಅವನ ಹೆಸರೇನೆಂದು ಕೇಳಬೇಡಿ, ಅದಕ್ಕೆ ಕಾರಣ ಮುಂದೆ ಬರುತ್ತದೆ. ಮೀಸೆಗೆ ದಿನಕ್ಕೆರಡು ಬಾರಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ, ಬೆಟ್ಟ ಕಂಡರೆ ಬಂಡೆಗೆಷ್ಟು ಎಂದೂ ಮರ ಕಂಡರೆ ತೊಲೆಗೆಷ್ಟು ಎಂದೂ ಯೋಚಿಸುವ ಜಾತಿಯ ಮನುಷ್ಯ. ಕೆರೆಯನ್ನು ಕಂಡ ಮೊದಲ ದಿನವೇ, ಇಷ್ಟು ಸಪಾಟಾದ ಜಾಗದಲ್ಲಿ ನೀರು ನಿಲ್ಲಿಸಿಕೊಂಡು ಕುಳಿತಿದ್ದಾರಲ್ಲ ಈ ದಡ್ಡರು ಎಂದು ಹುಬ್ಬೇರಿಸಿದನಂತೆ. ಕೆರೆ ಮುಚ್ಚಿ ಅದರ ಮೇಲೆ ಸಾಲು ಮಳಿಗೆಗಳ ಹೊಸ ಪೇಟೆ ಕಟ್ಟಿಸಬೇಕು, ಅದಕ್ಕೆ ತನ್ನ ಹೆಸರಿಡಬೇಕು ಎಂಬುದು ಅವನ ಹಂಬಲ. ಊರಗೌಡನಿಗೆ ಮೂಲೆಯ ಮಳಿಗೆಯೊಂದನ್ನು ತೋರಿಸಿದ. ಆ ಗೌಡನೋ, ಮುಂಡಾಸು ದೊಡ್ಡದು, ಬೆನ್ನುಮೂಳೆ ಇಲ್ಲವೇ ಇಲ್ಲ. ಕೆರೆಯಿಂದ ಸೊಳ್ಳೆ ಬಹಳ ಸ್ವಾಮಿ ಎಂದು ಅಲ್ಲೇ ತಲೆಯಾಡಿಸಿದ. ಅವನ ಹೊಲಕ್ಕೆ ನೀರು ಹರಿಯುತ್ತಿದ್ದುದು ಅದೇ ಕೆರೆಯಿಂದ.

ಪಾಲವ್ವನಿಗೆ ಇದೊಂದೂ ತಿಳಿಯದು. ಅರಮನೆಯಿಂದ ಗಾಡಿಗಟ್ಟಲೆ ಗಾರೆಸುಣ್ಣಕ್ಕೆ ಹೇಳಿಕೆ ಬಂದಾಗ ಅವಳು ಹಿಗ್ಗಿಹೋದಳು. ಏನು ಕಟ್ಟಿಸುತ್ತಾರೆ ಎಂದು ಕೇಳಿದ್ದಕ್ಕೆ ಆಳುಗಳು, ಏನೋ ದೊಡ್ಡದು ಎಂದರು. ಆ ಬೇಸಗೆಯೆಲ್ಲ ಗೂಡು ಆರಲಿಲ್ಲ. ನಮ್ಮ ಸುಣ್ಣ ಅರಮನೆಯ ಗೋಡೆಗೆ ಹೋಗುತ್ತಿದೆ ಎಂದು ಸೊಸೆಯರ ಮುಂದೆ ಕೊಚ್ಚಿಕೊಳ್ಳುತ್ತಲೂ ಇದ್ದಳು.

ಪಾರುಪತ್ಯಗಾರ ಬೇರೆ ಸೀಮೆಯವನು. ಅವನ ಕಡೆ ವೀಳ್ಯಕ್ಕೆ ಕೈಯೊಡ್ಡಿದರೆ ಮುಗಿಯಿತು, ಒಪ್ಪಿದಂತೆಯೇ. ಇಲ್ಲಿಯೂ ಅಷ್ಟೇ ಎಂದುಕೊಂಡ. ಗೌಡ ಅರ್ಧ ಹೇಳಿ ಅರ್ಧ ಬಿಟ್ಟನೋ, ಅವನಿಗೂ ಮರೆತಿತ್ತೋ, ಯಾರಿಗೆ ಗೊತ್ತು. ದೊರೆಗೆ ಮಗ ಹುಟ್ಟಿದ ಸಂತೋಷಕ್ಕೆಂದು ಪಾರುಪತ್ಯಗಾರ ಕೆರೆಯ ಏರಿಯ ಕೆಳಗೆ ಚಪ್ಪರ ಹಾಕಿಸಿ ಊರಿಗೆಲ್ಲ ಹೋಳಿಗೆಯೂಟ ಹಾಕಿಸಿದ. ತಿಂದವರು ತೇಗುತ್ತ ಏಳುವ ಹೊತ್ತಿಗೆ ಬೆಳ್ಳಿಯ ತಟ್ಟೆಗಳಲ್ಲಿ ವೀಳ್ಯ ಬಂತು. ಮಗು ಹುಟ್ಟಿದ ಮನೆಯ ವೀಳ್ಯವನ್ನು ಬೇಡವೆನ್ನುವುದುಂಟೆ? ಎಲ್ಲರೂ ಮಡಿಸಿ ಬಾಯಿಗಿಟ್ಟರು. ಎಲ್ಲರ ಕೆನ್ನೆಯೂ ಉಬ್ಬಿದ್ದನ್ನು ನೋಡಿಕೊಂಡು ಪಾರುಪತ್ಯಗಾರ ಕೈಬೀಸಿದ. ಪಕ್ಕದಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಿದ್ದ ಕಲ್ಲಿನ ಮುಸುಕು ಜಾರಿತು. ಅದರ ಮೇಲೆ ಬೆರಳುದ್ದದ ಅಕ್ಷರಗಳಲ್ಲಿ ಅವನ ಹೆಸರು, ಹೆಸರಿನ ಮುಂದೆ ಪೇಟೆ. ಡಂಗುರದವನು, ಊರು ವೀಳ್ಯ ಹಿಡಿದಿದೆ, ಕೆರೆಯನ್ನು ಪೇಟೆಗೆ ಬಿಟ್ಟುಕೊಟ್ಟಿದೆ, ನಾಳೆಯಿಂದ ಮಣ್ಣು ತುಂಬುವುದು ಎಂದು ಸಾರಿದ.

ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ಜಗಳವಾಡುವುದು ಹೇಗೆ? ಊರಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಊಂ ಊಂ ಎಂದರು. ಆ ಊಂಕಾರವನ್ನೂ ಪಾರುಪತ್ಯಗಾರ ಸಮ್ಮತಿಯೆಂದು ತಿಳಿದು ಕೈಮುಗಿದ, ಅಂಥ ಭಂಡ. ಗೌಡನಂತೂ ಎಲ್ಲರಿಗಿಂತ ಮೊದಲು ಗುಟುಕ್ಕೆಂದು ನುಂಗಿ, ನುಂಗಿದ್ದು ಕಾಣಲೆಂದು ಬಾಯಿ ಬಿಟ್ಟು ತೋರಿಸಿದ. ಹೊಸ ಮಳಿಗೆಗಾಗಿ ಬಾಯಲ್ಲಿ ನೀರೂರಿಸಿಕೊಂಡಿದ್ದ ನಾಲ್ಕಾರು ವರ್ತಕರೂ ಅದನ್ನೇ ಮಾಡಿದರು.

ಪಾಲವ್ವ ಹೆಂಗಸರ ಸಾಲಿನ ಕೊನೆಯಲ್ಲಿದ್ದಳು. ಅವಳ ನಾಲಗೆಯ ಮೇಲೆ ಸುಣ್ಣ ಚುರುಗುಟ್ಟುತ್ತಿತ್ತು. ತಾನೇ ಸುಟ್ಟ ಸುಣ್ಣ, ಈ ಕೆರೆಯದೇ ಚಿಪ್ಪು. ಬೇಸಗೆಯಿಡೀ ಬೆವರು ಸುರಿಸಿ ಯಾವ ಗೋಡೆಗೆ ಗಾರೆ ಒದಗಿಸಿದೆನೆಂಬುದು ಅವಳಿಗೆ ಆಗ ಹೊಳೆಯಿತು. ಮೈಯೆಲ್ಲ ಉರಿದುಹೋಯಿತು. ಪಾರುಪತ್ಯಗಾರನ ಮೇಲೆ ಎಷ್ಟು ಸಿಟ್ಟು ಬಂತೋ, ಕೊಚ್ಚಿಕೊಂಡ ತನ್ನ ಮೇಲೆ ಅದಕ್ಕಿಂತ ಹೆಚ್ಚು ಹೇಸಿಗೆಯಾಯಿತು. ನಾಳೆ ಮಣ್ಣು ಬಿದ್ದರೆ ನಾಡಿದ್ದು ಗೂಡು ತಣ್ಣಗಾಗುತ್ತದೆ, ಸೊಸೆಯರೂ ಮೊಮ್ಮಕ್ಕಳೂ ಬುಟ್ಟಿ ಹೊತ್ತು ಯಾವುದೋ ಸೀಮೆಯ ಕೆಸರು ಹುಡುಕಿಕೊಂಡು ಹೋಗಬೇಕು. ಅವಳು ಎದ್ದಳು. ಸಾಲುಗಳ ನಡುವೆ ನಡೆದು, ಕಾವಲಿನವರ ಭರ್ಜಿಯನ್ನು ಮೊಣಕೈಯಿಂದ ಸರಿಸಿ, ಕಲ್ಲಿನ ಮುಂದೆ ನಿಂತು, ಆ ಹೆಸರಿನ ಮೊದಲಕ್ಷರದ ಮೇಲೆಯೇ ಪಿಚಕ್ಕನೆ ಉಗುಳಿದಳು.

"ಏಯ್ ಮುದುಕಿ, ಏನಿದು?" ಎಂದು ಪಾರುಪತ್ಯಗಾರ ಚೀರಿದ.

ಪಾಲವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬಾಯಿ ತುಂಬಿಸಿ ಮಾತು ಕಟ್ಟಿದ್ಯಲ್ಲಪ್ಪಾ, ಈಗ ಬಾಯಿ ಖಾಲಿ ಆತು, ಮಾತಾಡ್ತೀನಿ ಕೇಳು. ಈ ಮನೆಗೆ ಒಪ್ಗೆ ಇಲ್ಲ."

ಮರೆತಿದ್ದವರಿಗೆಲ್ಲ ಆಗ ನೆನಪಾಯಿತು. ಒಬ್ಬೊಬ್ಬರಾಗಿ ಎದ್ದರು. ಕುಂಬಾರರು ಬಂದರು, ಮಡಿವಾಳರು ಬಂದರು, ಗದ್ದೆಯವರು ಬಂದರು, ಎಲ್ಲರೂ ಕಲ್ಲಿನ ಮುಂದೆ ಒಂದು ಗಳಿಗೆ ನಿಂತು ಮನೆಯ ಉತ್ತರ ಹೇಳಿ ಹೋದರು. ಭರ್ಜಿ ಹಿಡಿದಿದ್ದ ಕಾವಲಿನವರಿಗೂ ಆ ದಿನ ವೀಳ್ಯ ಸಿಕ್ಕಿತ್ತು. ಅವರಲ್ಲೊಬ್ಬ ಅತ್ತಿತ್ತ ನೋಡಿ, ಭರ್ಜಿಯನ್ನು ಚಪ್ಪರದ ಕಂಬಕ್ಕೆ ಒರಗಿಸಿ, ತಾನೂ ಹೋಗಿ ಸಾಲಿನಲ್ಲಿ ನಿಂತನಂತೆ. ಗಾಳಿ ಎತ್ತ ಬೀಸುತ್ತಿದೆ ಎಂದು ಕಂಡ ಗೌಡನೂ ಕೊನೆಗೆ ಬಂದ. ಆದರೆ ನುಂಗಿದವನ ಬಾಯಲ್ಲಿ ಏನಿರುತ್ತದೆ? ಎಷ್ಟು ಕ್ಯಾಕರಿಸಿದರೂ ಬೆಳ್ಳನೆಯ ಎಂಜಲೇ ಬಂತು. ಹುಡುಗಿಯರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಪಾರುಪತ್ಯಗಾರ ಮಾರನೆಯ ದಿನ ಆಳುಗಳನ್ನು ಕಳಿಸಿ ಪಾಲವ್ವನ ಗೂಡನ್ನು ಒಡೆಸಿಹಾಕಿದ. ಮುದುಕಿಯ ಗೂಡು ಒಡೆಯುವಷ್ಟೇ ಅವನ ಶೌರ್ಯ. ಮಣ್ಣಿನ ಗಾಡಿಗಳೂ ಬಂದವು, ಆದರೆ ಊರು ಊರೇ ಏರಿಯ ಮೇಲೆ ಕುಳಿತಿತ್ತು. ಸುದ್ದಿ ದುರ್ಗದ ಮೇಲೇರಿ ದೊರೆಯೇ ಇಳಿದು ಬಂದ. ಅವನೇನೂ ಧರ್ಮರಾಯನಲ್ಲ. ಪೇಟೆ ಎದ್ದಿದ್ದರೆ ಸುಂಕ ತಿನ್ನುತ್ತಿದ್ದ, ಏಳದಿದ್ದರೆ ಗದ್ದೆಯ ಕಂದಾಯ ತಿನ್ನುವವನು. ಆದರೆ ಈ ನೆಲದಲ್ಲಿ ಹುಟ್ಟಿದವನಾದ್ದರಿಂದ, ಕೆಂಪಗೆ ತೊಯ್ದ ಕಲ್ಲನ್ನು ಕಂಡೊಡನೆ ಅವನಿಗೆ ಎಲ್ಲವೂ ಅರ್ಥವಾಯಿತು. ಈ ಉಗುಳಿನ ಪಾಲು ತನಗೆ ಬೇಡವೆಂದು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ಒಡೆದ ಇಟ್ಟಿಗೆಗಳ ರಾಶಿಯ ಮೇಲೆ ಕುಳಿತ ಪಾಲವ್ವನನ್ನೂ ನೋಡಿದ. ಆಮೇಲೆ ಪಾರುಪತ್ಯಗಾರನ ಕಡೆ ತಿರುಗಿ, "ಈ ಕಲ್ಲ ಮೇಲಿರೋ ಹೆಸರು ಯಾರದಯ್ಯಾ?" ಎಂದು ಕೇಳಿದ.

ಪಾರುಪತ್ಯಗಾರ ಕಲ್ಲನ್ನು ನೋಡಿದ, ಜನವನ್ನು ನೋಡಿದ. ಎಣ್ಣೆ ಹಚ್ಚಿದ ಮೀಸೆ ಜೋತುಬಿದ್ದಿತ್ತು. "ತಿಳಿಯದು ಮಹಾಸ್ವಾಮಿ" ಎಂದ.

ಊರೆಲ್ಲ ಕೇಳುವಂತೆ ಅವನೇ ಹಾಗೆಂದ ಮೇಲೆ, ಆ ಹೆಸರನ್ನು ನೆನಪಿಡುವ ಹೊಣೆ ಬೇರೆಯವರಿಗೇಕೆ? ಕೆರೆ ಉಳಿಯಿತು. ಪಾರುಪತ್ಯಗಾರ ಅದೇ ವಾರ ಗಂಟುಮೂಟೆ ಕಟ್ಟಿದ. ಒಡೆದ ಗೂಡನ್ನು ಊರಿನವರೇ ಸೇರಿ ಕಟ್ಟಿಕೊಟ್ಟರು. ಗೌಡನೂ ಇಟ್ಟಿಗೆ ಹೊತ್ತ. ಹೊರುವಾಗ ಪಾಲವ್ವ ಅವನ ಮುಖವನ್ನೂ ನೋಡಲಿಲ್ಲ ಎನ್ನುತ್ತಾರೆ. ಕಲ್ಲನ್ನು ಮಾತ್ರ ಕೀಳಗೊಡಬೇಡಿ ಎಂದು ಅವಳು ಹೇಳಿದಳಂತೆ. ಅಂಥ ಮನುಷ್ಯ ಒಬ್ಬನೇ ಹುಟ್ಟುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಈಗಲೂ ಬಂದವರಿಗೆ ಕಾಣುವುದು ಆ ಕೆರೆ, ಏರಿಯ ಪಕ್ಕದಲ್ಲಿ ಸುಟ್ಟ ಇಟ್ಟಿಗೆಯ ಒಂದು ದಿಬ್ಬ, ಮತ್ತು ಈ ಕಲ್ಲು. ಕೆಂಪಿನ ಅಡಿಯಲ್ಲಿ ಅಕ್ಷರಗಳ ಉಬ್ಬುತಗ್ಗು ಇದೆ ಎನ್ನುತ್ತಾರೆ, ಉಜ್ಜಿ ಓದಲು ಯಾರೂ ಮುಂದೆ ಬಂದಿಲ್ಲ. ಕಳೆದ ವರ್ಷ ನಗರಸಭೆಯವರು ಕೆರೆಯಂಗಳದಲ್ಲಿ ಬಹುಮಹಡಿ ವಾಣಿಜ್ಯ ಸಂಕೀರ್ಣ ಕಟ್ಟುತ್ತೇವೆಂದು ಹೊರಟರು. ಜನಾಭಿಪ್ರಾಯದ ಸಭೆ ಎಂದು ಕರೆದು, ಉಪ್ಪಿಟ್ಟು ಕೇಸರಿಬಾತು ಹಂಚಿ, ತಿಂದವರೆಲ್ಲ ಒಪ್ಪಿದ್ದಾರೆ ಎಂದು ಘೋಷಿಸಿದರು. ಉಗುಳುಗಲ್ಲಿನಿಂದ ಮಾರು ದೂರದಲ್ಲಿಯೇ ಕರಿಯ ಗ್ರಾನೈಟಿನ ಶಂಕುಸ್ಥಾಪನೆಯ ಫಲಕವೂ ಎದ್ದಿತು. ಅದರ ಮೇಲೆ ಚಿನ್ನದ ಬಣ್ಣದಲ್ಲಿ ಮೇಲಿಂದ ಕೆಳಗಿನವರೆಗೆ ಗಣ್ಯರ ಹೆಸರುಗಳು. ಅಲ್ಲಿಂದಾಚೆಗೆ ಒಂದು ಇಟ್ಟಿಗೆಯೂ ಬಿದ್ದಿಲ್ಲ, ಸಂಜೆಯಾದರೆ ಜನ ಏರಿಯ ಮೇಲೆ ಬಂದು ಕೂರುತ್ತಾರೆ. ಹೊರಗಿನವರು ಯಾರಾದರೂ ಹಳೆಯ ಕಲ್ಲಿನ ಮುಂದೆ ಬಗ್ಗಿ ಅಕ್ಷರ ಹುಡುಕುತ್ತಿದ್ದರೆ, ಕಬ್ಬಿನ ಹಾಲಿನ ಗಾಡಿಯವನು ಗಾಣ ನಿಲ್ಲಿಸಿ ಕರಿಯ ಫಲಕದ ಕಡೆ ಕೈತೋರಿಸುತ್ತಾನೆ. ಅದರ ಕೆಳಗಿನ ಎರಡು ಸಾಲು ಆಗಲೇ ಕೆಂಪಾಗಿವೆ.

"ಅದು ಹೋತು ಬಿಡಿ ಸಾರ್. ಓದೋದಾದ್ರೆ ಇದನ್ನ ಬೇಗ ಓದ್ಕಳ್ಳಿ, ಮೇಲಿನವು ಇನ್ನೂ ಕಾಣ್ತಾವೆ."